ತಕ್ಕಡಿಯೂ ಕಿರುವಿಮಾನವೂ

ಎತ್ತಿನ ಗಾಡಿಗೆ ಭಾರವನ್ನು ಮಿತಿಮೀರಿ ಹೇರಿದರೆ ಅದು ನಿಧಾನವಾಗಿಯಾದರೂ ಸಾಗೀತು. ವಿಮಾನಕ್ಕೆ ಹೇರಿದರೆ ಅದು ನೆಲವನ್ನು ಬಿಟ್ಟು ಏಳುವುದೇ ಇಲ್ಲ. ಬಾಲಕರು ಕೈಯಾರೆ ಕಟ್ಟಿ ರೇಡಿಯೋ ತರಂಗಗಳಿಂದ ನಡೆಯಿಸುವ ಕಿರುವಿಮಾನಕ್ಕೂ ಈ ಮಾತು ಸಲ್ಲುತ್ತದೆ. ಆದುದರಿಂದ ಈ ವಿದ್ಯೆಯ ಮೊದಲನೆಯ ಉಪಕರಣವು ಮೋಟಾರಲ್ಲ, ತಕ್ಕಡಿ.

ವಿದ್ಯೆಯು ತೀರ ಹೊಸದೇನೂ ಅಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ಎಂಬಾತನು ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ನಡೆಯಿಸಿ ತೋರಿಸಿದನು. 1937ರಲ್ಲಿ ಅಮೆರಿಕದ ಗುಡ್ ಸೋದರರು ಅದೇ ಉಪಾಯವನ್ನು ಕಿರುವಿಮಾನಕ್ಕೆ ಅಳವಡಿಸಿದರು. ಬಹುಕಾಲ ಇವುಗಳಿಗೆ ಪುಟ್ಟ ಎಂಜಿನ್ನುಗಳೇ ಬಲವಾಗಿದ್ದುವು. ಅವುಗಳ ಇಂಧನ ಮೆಥನಾಲ್ ಎಂಬ ಮದ್ಯಸಾರ. ಅದರೊಡನೆ ಬೆರೆಸುತ್ತಿದ್ದುದು ಈ ಸೀಮೆಯ ರೈತನಿಗೆ ಚಿರಪರಿಚಿತವಾದ ಹರಳೆಣ್ಣೆ. ಮದ್ಯಸಾರವು ಉರಿದು ಬಲವನ್ನು ಕೊಡುವುದು. ಎಣ್ಣೆಯು ಎಷ್ಟೇ ಕಾವೇರಿದರೂ ಯಂತ್ರವನ್ನು ಸವೆಯಗೊಡದೆ ಕಾಯುವುದು.

ಈಗ ಹೆಚ್ಚಿನವರು ಲಿಥಿಯಂ ಬ್ಯಾಟರಿಯನ್ನೂ ವಿದ್ಯುತ್ ಮೋಟಾರನ್ನೂ ಬಳಸುತ್ತಾರೆ. ಮೂರು ಕೋಶಗಳ ಬ್ಯಾಟರಿಯ ಒತ್ತಡ 11.1 ವೋಲ್ಟು. ಅದು 2200 ಮಿಲಿ ಆಂಪಿಯರ್-ಗಂಟೆಯದಾಗಿದ್ದು, ಮೋಟಾರು 11 ಆಂಪಿಯರ್ ಎಳೆದರೆ ಲೆಕ್ಕಕ್ಕೆ 12 ನಿಮಿಷಗಳ ಹಾರಾಟ ದೊರೆಯುವುದು. ಆದರೆ ಪೂರ್ತಿ ಬರಿದುಮಾಡಿದರೆ ಕೋಶವು ಕೆಡುವುದರಿಂದ 9 ನಿಮಿಷಕ್ಕೇ ಇಳಿಸುವುದು ವಿವೇಕ. ಇನ್ನೂ ಹೆಚ್ಚು ಹೊತ್ತು ಹಾರಲೆಂದು ದೊಡ್ಡ ಬ್ಯಾಟರಿಯನ್ನಿಟ್ಟರೆ ತೂಕವು ಹೆಚ್ಚುತ್ತದೆ. ಆ ತೂಕವನ್ನು ಹೊರಲು ಮೋಟಾರು ಮತ್ತಷ್ಟು ವಿದ್ಯುತ್ತನ್ನು ಬೇಡುತ್ತದೆ. ಇದು ಸಾಲ ತೀರಿಸಲು ಸಾಲ ಮಾಡಿದವನ ಪಾಡು. ತೂಕವಿರುವ ಸ್ಥಾನವೂ ಮುಖ್ಯ. ರೆಕ್ಕೆಯ ಅಗಲದಲ್ಲಿ ಮುಂದಿನಿಂದ ಕಾಲು ಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಬೆರಳಿಟ್ಟು ಎತ್ತಿದಾಗ ವಿಮಾನವು ಸಮವಾಗಿ ನಿಲ್ಲಬೇಕು. ಹಿಂದೆ ಭಾರವಾದರೆ ಮೂತಿಯನ್ನೆತ್ತಿ ಉರುಳುವುದು.

ಈ ತಕ್ಕಡಿಯ ಪರೀಕ್ಷೆ ಪಂಡಿತರಿಗೂ ಬೇಕಾದುದೇ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಮಹರ್ಷಿಯದೆಂದು ಹೇಳಿ ಬರೆಯಿಸಿದ 'ವೈಮಾನಿಕ ಶಾಸ್ತ್ರ'ಕ್ಕೆ 1923ರಲ್ಲಿ ಎಲ್ಲಪ್ಪನವರು ಚಿತ್ರಗಳನ್ನು ಬರೆದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಗ್ರಂಥವನ್ನು ಪರಿಶೀಲಿಸಿ, ಅದು 1904ಕ್ಕೆ ಹಿಂದಿನದಲ್ಲವೆಂದೂ, ಅಲ್ಲಿಯ ರುಕ್ಮ, ಸುಂದರ, ಶಕುನ, ತ್ರಿಪುರ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಇದನ್ನು ಕೇಳಿ ನೊಂದುಕೊಳ್ಳುವ ಸಂಸ್ಕೃತಾಭಿಮಾನಿಗಳುಂಟು. ನೋಯಬೇಕಾದುದಿಲ್ಲ. ಆರ್ಯಭಟ ಭಾಸ್ಕರರು ಗಣಿತವನ್ನು ಬರೆದ ಭಾಷೆಗೆ ಎರವಲು ಆಭರಣವೇಕೆ? ಪ್ರತ್ಯಕ್ಷವನ್ನು ಪ್ರಮಾಣಗಳಲ್ಲಿ ಮೊದಲನೆಯದಾಗಿ ಎಣಿಸಿದ ನೈಯಾಯಿಕರೂ ಆ ಭಾಷೆಯವರೇ. ಹಾರದ ವಿಮಾನವನ್ನು ಹಾರಿತೆಂದರೆ ಅವರಿಗೇ ಅಪಚಾರ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಾಲಕರಿಗೆ ಹಿಂದೆ ಬತ್ತಿದ ಕೆರೆಯಂಗಳಗಳೇ ದೊಡ್ಡ ಬಯಲುಗಳಾಗಿದ್ದುವು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದು ಬಂದು ಹಲವು ಕೆರೆಗಳು ತುಂಬಿರುವುದರಿಂದ ಬೇರೆಡೆ ಬಯಲನ್ನು ಹುಡುಕಬೇಕಾದೀತು. ಮಾವಿನ ತೋಪಿಗೂ ವಿದ್ಯುತ್ ತಂತಿಗೂ ಜನಸಂದಣಿಗೂ ದೂರವಾಗಿ, ಸರ್ಕಾರದ ಭೂಪಟದಲ್ಲಿ ಅನುಮತಿಯುಳ್ಳ ಪ್ರದೇಶವೇ ಎಂದು ನೋಡಿ, ಹಿರಿಯರೊಬ್ಬರ ಎದುರಿನಲ್ಲಿ ಹಾರಿಸತಕ್ಕದ್ದು. ಉಬ್ಬಿದ ಬ್ಯಾಟರಿಯನ್ನು ಮುಟ್ಟಿ ವಿದ್ಯುತ್ ತುಂಬಬಾರದು. ಅದು ಹೊತ್ತಿಕೊಂಡು ಉರಿಯುವುದುಂಟು.

ಪಾಠಶಾಲೆಗಳು ಇದಕ್ಕೆ ಹೆಚ್ಚಿನ ದ್ರವ್ಯವನ್ನು ವೆಚ್ಚಮಾಡಬೇಕಾಗಿಲ್ಲ. ಒಂದು ತಕ್ಕಡಿ, ಒಂದಿಷ್ಟು ಥರ್ಮೋಕೋಲು, ತಾಳ್ಮೆಯುಳ್ಳ ಒಬ್ಬ ಉಪಾಧ್ಯಾಯರು, ಇಷ್ಟಿದ್ದರೆ ಆರಂಭಕ್ಕೆ ಸಾಕು. ಕೈಯಿಂದ ಎಸೆದ ವಿಮಾನವು ನೆಟ್ಟಗೆ ತೇಲಿ ಇಳಿಯುವುದನ್ನು ಬಾಲಕರು ಮೊದಲು ಸಾಧಿಸಲಿ. ಮೋಟಾರು ಆಮೇಲೆ ಬರಲಿ.