ಹೂವಿನ ಗೊಬ್ಬರ, ಮನೆಯ ಬಾವಿ

ನಮ್ಮ ಮದುವೆಗಳಲ್ಲಿ ಮದುಮಗಳ ತಲೆಗೆ ಈಗಲೂ ಮಲ್ಲಿಗೆಯೇ ಬೇಕು. ವೇದಿಕೆಗೆ ಮಾತ್ರ ಆಂಥೂರಿಯಂ, ಆರ್ಕಿಡ್ ಬಂದಿವೆ. ಗಲ್ಫಿನಿಂದ ಮರಳಿದ ನನ್ನ ತಮ್ಮ ಮನೆಯ ಮೇಲಿನ ಗುಡ್ಡದಲ್ಲಿ ಸಣ್ಣ ಪಾಲಿಹೌಸ್ ಕಟ್ಟಿ ಆಂಥೂರಿಯಂ ಬೆಳೆಯುತ್ತಿದ್ದಾನೆ. ಗೊಬ್ಬರದ ಚೀಲಗಳನ್ನು ನೋಡಿ ಉಮ್ಮ ಕೇಳಿದರು: "ಮೋನೆ, ಇದೆಲ್ಲ ಹೂವಿಗೇ ಹೋಗುತ್ತದಾ, ನಮ್ಮ ಬಾವಿಗೂ ಬರುತ್ತದಾ?"

ಕೇಳಬೇಕಾದ ಪ್ರಶ್ನೆಯೇ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುತ್ತದೆ, ಮುರಕಲ್ಲಿನ ಗುಡ್ಡ ಅದನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಬಾಯಾರು, ಎಣ್ಮಕಜೆ ಕಡೆಯ ಸುರಂಗಗಳಲ್ಲಿ ನೀರು ಹರಿಯುವುದು ಹೀಗೆಯೇ. ಗೊಬ್ಬರದ ಸಾರಜನಕ ನೈಟ್ರೇಟ್ ಆದ ಮೇಲೆ ಮಣ್ಣು ಅದನ್ನು ಹಿಡಿದಿಡುವುದಿಲ್ಲ. ನೀರಿನ ಜೊತೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿದೆವು. ಒಂದು ಲೀಟರ್ ನೀರಿಗೆ 1 ಗ್ರಾಂ 19:19:19 ಕರಗಿಸಿದರೆ ಅದರಲ್ಲಿ 190 ಮಿಲಿಗ್ರಾಂ ಸಾರಜನಕ. ಅದೆಲ್ಲ ನೈಟ್ರೇಟ್ ಆದರೆ ಸುಮಾರು 840 ಮಿಲಿಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45. ಮಿತಿ ಮೀರಿದ ನೀರು ಎಳೆಗೂಸುಗಳಿಗೆ ಅಪಾಯ. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಗಟ್ಟಿಯಾಗುತ್ತದೆ.

ಪಾಲಿಹೌಸಿನೊಳಗೆ ಮಳೆ ಬೀಳುವುದಿಲ್ಲ, ಹಾಗಾಗಿ ಉಳಿದ ಉಪ್ಪು ಅಲ್ಲೇ ಸೇರುತ್ತಾ ಹೋಗುತ್ತದೆ. ಮಾಡಿನ ಶೀಟು ಹರಿದರೆ ಒಂದೇ ಜೂನ್ ಮಳೆಗೆ ಅದು ಕೆಳಗಿಳಿಯಬಹುದು.

ತಮ್ಮ ಈಗ ವಾರಕ್ಕೊಮ್ಮೆ ಗಟ್ಟಿಯಾಗಿ ಕೊಡುವ ಬದಲು ತೆಳುವಾಗಿ, ಆಗಾಗ ಕೊಡುತ್ತಾನೆ. ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ ತುಂಬಿದ ಚಟ್ಟಿಯಲ್ಲಿ ಗೊಬ್ಬರದ ನೀರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಚಟ್ಟಿಯಡಿ ಸೋರಿದ ನೀರನ್ನು ಇಸಿ ಮೀಟರಿನಲ್ಲಿ ಅಳೆಯುತ್ತಾನೆ. ಕೊಟ್ಟದ್ದಕ್ಕಿಂತ ಸೋರಿದ್ದರಲ್ಲಿ ಅಂಕಿ ತುಂಬಾ ಹೆಚ್ಚಿದ್ದರೆ ಗಿಡ ಉಂಡು ಮುಗಿಸಿಲ್ಲ ಎಂದರ್ಥ. ಆ ಸಲ ಬರೀ ನೀರು.

ಸೋರಿದ್ದು ನೆಲಕ್ಕೆ ಬೀಳದಂತೆ ಶೀಟು ಹಾಸಿ, ತೊಟ್ಟಿಗೆ ಇಳಿಸಿ, ಮಳೆಯಿಲ್ಲದ ದಿನ ತೆಂಗಿನ ಬುಡಗಳಿಗೆ ಹಂಚುತ್ತೇವೆ. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ ದೊಡ್ಡ ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ ಹೇಳುತ್ತದೆ. ತೊಟ್ಟಿಯಿಂದ ಹೋದಷ್ಟನ್ನು ಅದರಲ್ಲಿ ಕಳೆಯಬೇಕು. ಕಳೆಯದಿದ್ದರೆ ಸಮಸ್ಯೆ ಚಟ್ಟಿಯಿಂದ ತೋಟಕ್ಕೆ ದಾಟಿತು, ಅಷ್ಟೇ.

ನಮ್ಮ ಬಾವಿಯಿಂದ ಮೂರು ಮನೆಯವರು ನೀರು ಸೇದುತ್ತಾರೆ. ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ನೀರು ಪರೀಕ್ಷೆ ಮಾಡಿಸಿ, ಆ ಚೀಟಿಯನ್ನು ಮೂರು ಮನೆಗೂ ತೋರಿಸುವುದೆಂದು ತೀರ್ಮಾನಿಸಿದ್ದೇವೆ. ಹೂವಿನ ಲಾಭ ನಮ್ಮದು, ನೀರು ಎಲ್ಲರದ್ದು.