ಗಾಳಿ ಹೆಚ್ಚಾದರೆ ಏನಾಗುತ್ತದೆ?

ಕಳೆದ ತಿಂಗಳು ನಮ್ಮ ಹಳೆಯ ಕಾರಿಗೆ ಹಸಿವು ಹೆಚ್ಚಾಯಿತು. ಲೀಟರಿಗೆ 15 ಕಿಲೋಮೀಟರ್ ಓಡುತ್ತಿದ್ದುದು 10ಕ್ಕೆ ಇಳಿಯಿತು. ಎಂಜಿನ್ನಿನ ಹಳದಿ ದೀಪ ಆರದೆ ಉರಿಯತೊಡಗಿತು. ಸೈಲೆನ್ಸರಿನ ಬಾಯಿ ಸೌದೆ ಒಲೆಯ ಪಾತ್ರೆಯ ತಳದಂತೆ ಕಪ್ಪಾಯಿತು. ಒಂದು ಗ್ಯಾರೇಜಿನವರು ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಿ ಹಣ ಪಡೆದರು. ದೀಪ ಆರಲಿಲ್ಲ.

ಕೊನೆಗೆ ಪೀಣ್ಯ ಎರಡನೇ ಹಂತಕ್ಕೆ ಹೋದೆ. ಅಲ್ಲಿ ಲೇತ್ ಯಂತ್ರಗಳ ಸದ್ದಿನ ನಡುವೆ ನಮ್ಮ 1991ರ ಹತ್ತನೇ ತರಗತಿಯ ಹುಡುಗನೊಬ್ಬ ವರ್ಕ್‌ಶಾಪ್ ಇಟ್ಟಿದ್ದಾನೆ. (ಹುಡುಗನೆಂದೆ, ತಲೆ ಅರ್ಧ ನರೆತಿದೆ.) ಹೆಸರು ಬೇಡ, ಆ ವರ್ಷದವರಿಗೆ ಗೊತ್ತಾಗುತ್ತದೆ.

ಸ್ಕ್ಯಾನರ್ ಜೋಡಿಸಿ ನೋಡಿ, "ಏರ್-ಫ್ಯೂಯಲ್ ಸೆನ್ಸರ್ ಹೋದಂಗಿದೆ ಸಾರ್" ಎಂದ. ಆದರೂ ತಕ್ಷಣ ಬಿಚ್ಚಲಿಲ್ಲ. ಹೊಗೆಕೊಳವೆಯಲ್ಲಿ ಬಿರುಕಿದೆಯೇ ಎಂದು ಮೊದಲು ಪರೀಕ್ಷಿಸಿದ. ಬಿರುಕಿನಿಂದ ಹೊರಗಿನ ಗಾಳಿ ನುಸುಳಿದರೆ ಒಳ್ಳೆಯ ಸೆನ್ಸರೂ ಸುಳ್ಳು ಹೇಳುತ್ತದಂತೆ.

"1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು ಸಾರ್. ಹೊಗೇಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ಇದು ನೋಡುತ್ತೆ. ಗಾಳಿ ನಿಜವಾಗ್ಲೂ ಹೆಚ್ಚಾದ್ರೆ ಎಂಜಿನ್ ತಡವರಿಸುತ್ತೆ. ಇದು ಹೆಚ್ಚಾಯ್ತು ಅಂತ ಸುಳ್ಳು ಹೇಳಿದ್ರೆ ಕಂಪ್ಯೂಟರ್ ನಂಬ್ಕೊಂಡು ಪೆಟ್ರೋಲ್ ಸುರಿಯುತ್ತೆ."

ನನಗೆ ಮಾತು ಹೊರಡಲಿಲ್ಲ. ದಹನದ ಪಾಠದ ದಿನ ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಕವುಚಿದ್ದೆ. ಗಾಳಿ ಕಡಿಮೆಯಾದರೆ ಆರುತ್ತದೆ, ಹೆಚ್ಚಾದರೆ ಏನಾಗುತ್ತದೆ ಎಂದು ಎದ್ದುನಿಂತು ಕೇಳಿದವನು ಇವನೇ. "ಪಾಠದಲ್ಲಿಲ್ಲದ್ದು ಕೇಳಬೇಡ, ಕೂತ್ಕೋ" ಎಂದಿದ್ದೆ. ಉತ್ತರ ನನಗೆ ತಿಳಿದಿರಲಿಲ್ಲವೆಂಬುದೇ ನಿಜವಾದ ಕಾರಣ. ಆ ಬಳಿಕ ಅವನು ತರಗತಿಯಲ್ಲಿ ಬಾಯಿ ತೆರೆದದ್ದು ನನಗೆ ನೆನಪಿಲ್ಲ.

ಸೆನ್ಸರು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಎಂಜಿನ್ನನ್ನು ತುಸು ಬಿಸಿಮಾಡಿ, ವೈರಿಗೆಂದು ಪಕ್ಕ ಸೀಳಿದ್ದ 22 ನಂಬರಿನ ಸಾಕೆಟ್ಟಿನಿಂದ ಮೆಲ್ಲಗೆ ತಿರುಗಿಸಿದ. ಹೊಸದರ ತುದಿಗೆ ಬೆರಳು ತಾಗದಂತೆ ಹಸುಗೂಸನ್ನೆತ್ತುವ ಹಾಗೆ ಹಿಡಿದು ಕೂರಿಸಿದ. ಕೂಲಿ ಕೊಡಹೋದರೆ "ನಿಮ್ಮ ಹತ್ರಾನಾ ಸಾರ್?" ಎಂದು ಸೆನ್ಸರಿನ ಬೆಲೆಯನ್ನಷ್ಟೇ ತೆಗೆದುಕೊಂಡ.

ದೀಪ ಆರಿದೆ, ಕಾರು ಮತ್ತೆ 15ಕ್ಕೆ ಬಂದಿದೆ. ಹೇಳಬೇಕಾಗಿದ್ದ ಮಾತನ್ನು ಮಾತ್ರ ಹೇಳದೆ ಬಂದೆ. ಆ ವರ್ಷದವರು ಯಾರಾದರೂ ಪೀಣ್ಯದ ಕಡೆ ಹೋದರೆ, ಅವನ ಪ್ರಶ್ನೆ ಸರಿಯಾಗಿತ್ತೆಂದೂ ಮೇಷ್ಟ್ರಿಗೆ ಉತ್ತರ ಗೊತ್ತಿರಲಿಲ್ಲವೆಂದೂ ತಿಳಿಸಿ. ಮುಂದಿನ ಸರ್ವೀಸಿಗೆ ನಾನೂ ಹೋಗುವವನಿದ್ದೇನೆ.