ಕೋಲು ಮತ್ತು ಅಳತೆ: ಗಾಲ್ಫ್ ಆಟದ ಒಂದು ಔಚಿತ್ಯವಿಚಾರ

ಧಾರವಾಡದಿಂದ ಪಶ್ಚಿಮಕ್ಕೆ, ಬಯಲುಸೀಮೆ ಸರಿದು ಮಲೆನಾಡಿನ ಸೆರಗು ಕಾಣಿಸಿಕೊಳ್ಳುವ ಎಡೆಯಲ್ಲಿ ಮುಗದ ಗ್ರಾಮವಿದೆ. ಶಾಸನಾಭ್ಯಾಸಿಗಳಿಗೆ ಈ ಊರು ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ಆಳಿಕೆಯ 1045ರ ಶಾಸನದಿಂದ ಪರಿಚಿತ. ರೈತರಿಗೆ ತನ್ನ ಕೆರೆಯಿಂದಲೂ ಭತ್ತದ ಸಂಶೋಧನಾ ಕೇಂದ್ರದಿಂದಲೂ ಪರಿಚಿತ. ಗಾಲ್ಫ್ ಆಟಕ್ಕೂ ಮುಗದಕ್ಕೂ ನೇರವಾದ ನಂಟಿಲ್ಲ. ಆದರೂ ಆ ಆಟದ ಅತ್ಯಂತ ಸೂಕ್ಷ್ಮವಾದ ಪ್ರಶ್ನೆಯೊಂದನ್ನು, ಅಂದರೆ ಗುರಿಯನ್ನು ಸಮೀಪಿಸುವ ಹೊಡೆತಕ್ಕೆ ಯಾವ ಕೋಲನ್ನು ಕೈಗೆತ್ತಿಕೊಳ್ಳಬೇಕು ಎಂಬುದನ್ನು, ಅರಿಯಲು ಇಂಥ ಊರಿನಿಂದ ಹೊರಡುವುದೇ ಸುಲಭ. ಆ ಪ್ರಶ್ನೆಯ ತಿರುಳಿರುವುದು ಕೋಲು ಮತ್ತು ಅಳತೆಗಳ ಸಂಬಂಧದಲ್ಲಿ. ಆ ಸಂಬಂಧ ಈ ನೆಲಕ್ಕೆ ಬಹಳ ಹಳೆಯದು.

ಭೂದಾನ ಶಾಸನಗಳನ್ನು ಓದುವವರು ಒಂದು ಸಂಗತಿಯನ್ನು ಬೇಗನೆ ಗಮನಿಸುತ್ತಾರೆ. ಇಷ್ಟು ಮತ್ತರು ಭೂಮಿ ಎಂದಷ್ಟೇ ಹೇಳಿ ಶಾಸನ ಸುಮ್ಮನಾಗುವುದಿಲ್ಲ. ಅದನ್ನು ಯಾವ ಗಳೆಯಿಂದ, ಯಾವ ಕೋಲಿನಿಂದ ಅಳೆದುದೆಂಬುದನ್ನೂ ಅನೇಕ ವೇಳೆ ದಾಖಲಿಸುತ್ತದೆ. ಅಳತೆಗೋಲು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿದ್ದುದರಿಂದ ಕೋಲಿನ ಉಲ್ಲೇಖವಿಲ್ಲದ ಸಂಖ್ಯೆಗೆ ಅರ್ಥವಿರಲಿಲ್ಲ. ಈ ಭಾಗದ ಹುಡುಗರ ಚಿಣಿಫಣಿಯಲ್ಲಿಯೂ, ಎಂದರೆ ಹಳೆಯ ಮೈಸೂರು ಸೀಮೆಯವರು ಚಿನ್ನಿದಾಂಡು ಎನ್ನುವ ಆಟದಲ್ಲಿಯೂ, ಇದೇ ತತ್ತ್ವವುಂಟು. ಚಿಣಿಯನ್ನು ಚಿಮ್ಮಿಸಿ ಹೊಡೆದ ಮೇಲೆ ಅದು ಬಿದ್ದ ದೂರವನ್ನು ಅಳೆಯುವುದು ಅದೇ ಫಣಿಯಿಂದ. ಹೊಡೆಯುವ ಕೋಲೇ ಅಳೆಯುವ ಕೋಲು. ಎಲ್ಲ ಹುಡುಗರಿಗೂ ಇರುವುದು ಒಂದೇ ಫಣಿಯಾದ್ದರಿಂದ ಅಳತೆಯೂ ಒಂದೇ; ಜಗಳಕ್ಕೆ ಅವಕಾಶ ಕಡಿಮೆ.

ಗಾಲ್ಫಿನಲ್ಲಿಯೂ ಹೊಡೆಯುವ ಕೋಲೇ ಅಳೆಯುವ ಕೋಲು. ಆದರೆ ಅಲ್ಲಿ ಒಬ್ಬೊಬ್ಬರ ಅಳತೆಯೂ ಬೇರೆ ಬೇರೆ. ಆ ಆಟದ ಪರಿಭಾಷೆಯಲ್ಲಿ ಕೋಲಿಗೆ ‘ಕ್ಲಬ್’ ಎಂದು ಹೆಸರು. ಕನ್ನಡದ ಕಿವಿಗೆ ಆ ಶಬ್ದ ಮೊದಲು ಉಳ್ಳವರ ಸಂಘದ ಕಟ್ಟಡವನ್ನೇ ನೆನಪಿಸುತ್ತದಾದ್ದರಿಂದ ಇಲ್ಲಿ ಕೋಲೆಂಬ ಮಾತೇ ಸಾಕು. ಆಟಗಾರ ಮೊದಲ ಹೊಡೆತದಿಂದ ಚೆಂಡನ್ನು ದೂರಕ್ಕೆ ಕಳುಹಿಸುತ್ತಾನೆ. ಕೊನೆಯಲ್ಲಿ ನುಣುಪಾಗಿ ಕತ್ತರಿಸಿದ ಹುಲ್ಲಿನ ಹಾಸಿನ ಮೇಲೆ, ನಾಲ್ಕೂಕಾಲು ಅಂಗುಲ ವ್ಯಾಸದ ಕುಳಿಗೆ ಅದನ್ನು ಉರುಳಿಸುತ್ತಾನೆ. ಇವೆರಡರ ನಡುವೆ, ಚೆಂಡನ್ನು ಆ ಹಾಸಿನ ಮೇಲೆ ಇಳಿಸಲು ಹೊಡೆಯುವುದೇ ‘ಅಪ್ರೋಚ್’ ಹೊಡೆತ. ಮೊದಲನೆಯದಕ್ಕೆ ಬಲ ಬೇಕು, ಕೊನೆಯದಕ್ಕೆ ಕೈಯ ನಯ ಬೇಕು. ನಡುವಿನದಕ್ಕೆ ಬೇಕಾದುದು ವಿವೇಕ.

ಚೀಲದಲ್ಲಿ 14 ಕೋಲುಗಳಿಗಿಂತ ಹೆಚ್ಚು ಇರಕೂಡದೆಂಬ ನಿಯಮವನ್ನು ಅಮೆರಿಕದ ಗಾಲ್ಫ್ ಸಂಸ್ಥೆ 1938ರಲ್ಲಿಯೂ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಸಂಸ್ಥೆ 1939ರಲ್ಲಿಯೂ ಜಾರಿಗೆ ತಂದವು. ಅದಕ್ಕೆ ಮುನ್ನ ಇಪ್ಪತ್ತಕ್ಕೂ ಮಿಕ್ಕಿ ಕೋಲುಗಳನ್ನು ಹೊರಿಸಿಕೊಂಡು ತಿರುಗುವವರಿದ್ದರು. ಹಿಂದೆ ಈ ಕೋಲುಗಳಿಗೆ ಬ್ರಾಸಿ, ಮ್ಯಾಶಿ, ನಿಬ್ಲಿಕ್ ಎಂಬ ಹೆಸರುಗಳಿದ್ದವು. 20ನೆಯ ಶತಮಾನದ ಮೊದಲರ್ಧದಲ್ಲಿ ಅವುಗಳ ಸ್ಥಾನಕ್ಕೆ ಸಂಖ್ಯೆಗಳು ಬಂದವು. ‘ಐರನ್’ ಎನ್ನುವ ಲೋಹದ ಕೋಲುಗಳಲ್ಲಿ ಸಂಖ್ಯೆ ಏರಿದಂತೆ ಕೋಲು ಗಿಡ್ಡವಾಗುತ್ತದೆ, ಅದರ ಮುಖದ ಓರೆ ಹೆಚ್ಚುತ್ತದೆ, ಚೆಂಡು ಹೆಚ್ಚು ಎತ್ತರಕ್ಕೆ ಹಾರಿ ಕಡಿಮೆ ದೂರದಲ್ಲಿ ಬೀಳುತ್ತದೆ. ಒಂದು ಸಂಖ್ಯೆಗೂ ಮುಂದಿನದಕ್ಕೂ ಸುಮಾರು ಹತ್ತು ಹದಿನೈದು ಗಜಗಳ ಅಂತರ.

ಹೆಸರು ಹೋಗಿ ಸಂಖ್ಯೆ ಬಂದಾಗ ಒಂದು ಭ್ರಮೆಯೂ ಜೊತೆಗೆ ಬಂದಿತು. ಏಳನೆಯ ಐರನ್ ಎಂದರೆ ಎಲ್ಲರಿಗೂ ಒಂದೇ ದೂರವೆಂಬಂತೆ ಸಂಖ್ಯೆ ಮಾತನಾಡುತ್ತದೆ. ವಾಸ್ತವದಲ್ಲಿ ವೃತ್ತಿಪರ ಪುರುಷನೊಬ್ಬ ಆ ಕೋಲಿನಿಂದ 170 ಗಜವನ್ನು ದಾಟಿಸುವುದು ಸಾಮಾನ್ಯವಾದರೆ, ವಾರಕ್ಕೊಮ್ಮೆ ಆಡುವ ಹವ್ಯಾಸಿಗೆ 130 ಗಜ ದಕ್ಕಿದರೆ ಹೆಚ್ಚು. ಕೋಲು ತಯಾರಿಸುವವರು ಓರೆಯನ್ನು ಕಾಲಕಾಲಕ್ಕೆ ತಗ್ಗಿಸುತ್ತ ಬಂದಿರುವುದರಿಂದ ಇಂದಿನ ಏಳನೆಯ ಕೋಲು ಹಲವು ಸಲ ಹಿಂದಿನ ಆರನೆಯದಕ್ಕೋ ಐದನೆಯದಕ್ಕೋ ಸಮ. ಹವ್ಯಾಸಿಗಳ ಚೆಂಡು ಗುರಿಯನ್ನು ದಾಟುವುದಕ್ಕಿಂತ ಗುರಿಗೆ ಮೊದಲೇ ಬೀಳುವುದೇ ಹೆಚ್ಚೆಂಬುದು ಆಟ ಕಲಿಸುವವರೆಲ್ಲರ ಅನುಭವ. ಆಟಗಾರ ತನ್ನ ಸಾಮಾನ್ಯ ಹೊಡೆತವನ್ನು ಲೆಕ್ಕಕ್ಕೆ ಹಿಡಿಯದೆ, ಎಂದೋ ಒಮ್ಮೆ ಸರಿಯಾಗಿ ತಗುಲಿದ ಹೊಡೆತವನ್ನು ತನ್ನ ಅಳತೆಯೆಂದು ನಂಬಿರುತ್ತಾನೆ. ಪಕ್ಕದವನು ಎಂಟನೆಯದನ್ನು ಹಿಡಿದಿರುವಾಗ ತಾನು ಆರನೆಯದನ್ನು ಹಿಡಿಯಲು ನಾಚುತ್ತಾನೆ.

ತನ್ನ ಅಳತೆಯನ್ನು ಪ್ರಾಮಾಣಿಕವಾಗಿ ಅರಿತವನಿಗೂ ನೆಲ ಮತ್ತು ಗಾಳಿ ಅದನ್ನು ತಿದ್ದಿ ಕೊಡುತ್ತವೆ. ಎದುರುಗಾಳಿಯಿದ್ದರೆ, ಹಾಸು ಎತ್ತರದಲ್ಲಿದ್ದರೆ ಒಂದು ಸಂಖ್ಯೆ ಕೆಳಗಿನ, ಎಂದರೆ ಹೆಚ್ಚು ದೂರದ ಕೋಲು ಬೇಕು. ಹಾಸಿನ ಮುಂದೆ ಮರಳಗುಂಡಿಯಿದ್ದರೆ ದೂರದ ಕೋಲೇ ಕ್ಷೇಮ. ಹಿಂದೆ ನೀರಿದ್ದರೆ ಗಿಡ್ಡ ಕೋಲು ಕ್ಷೇಮ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತೆಳುಗಾಳಿಯಲ್ಲಿ ಚೆಂಡು ತುಸು ಹೆಚ್ಚು ದೂರ ಹಾರುತ್ತದೆ. 150 ಗಜದ ಹೊಡೆತದಲ್ಲಿ ಇದು ನಾಲ್ಕೈದು ಗಜಗಳ ಮಾತು. ಅಲ್ಲಿ ರೂಢಿಸಿಕೊಂಡ ಅಳತೆ ಮಂಗಳೂರಿನ ಕಡಲತಡಿಯಲ್ಲಿ ಅಷ್ಟರಮಟ್ಟಿಗೆ ಸುಳ್ಳಾಗುತ್ತದೆ. ಮುಗದದ ಶಾಸನ ಹುಟ್ಟಿದ 11ನೆಯ ಶತಮಾನದಲ್ಲಿಯೇ ಕಾಶ್ಮೀರದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚಾ’ದಲ್ಲಿ, ಆಭರಣಕ್ಕೆ ಶೋಭೆ ಬರುವುದು ತಕ್ಕ ಸ್ಥಾನದಲ್ಲಿದ್ದಾಗ ಮಾತ್ರವೆಂದು ವಾದಿಸಿದನು. ಕೋಲಿನ ವಿಷಯವೂ ಅಷ್ಟೆ: ತನ್ನಷ್ಟಕ್ಕೆ ಒಳ್ಳೆಯ ಕೋಲು ಎಂಬುದಿಲ್ಲ.

ಕನ್ನಡ ಕಾವ್ಯದ ವಿದ್ಯಾರ್ಥಿಗೆ ಇದು ಅಪರಿಚಿತವಲ್ಲ. ಕುಮಾರವ್ಯಾಸನು ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಸರದಿಯಾಗಿ ಬರುವ ಭಾಮಿನಿಯನ್ನು ಹಿಡಿದು ಭಾರತವನ್ನು ಸಾಗಿಸಿದನು. ಲಕ್ಷ್ಮೀಶನು ಐದು ಮಾತ್ರೆಯ ಗಣಗಳ ವಾರ್ಧಕವನ್ನು ಆಯ್ದನು. ಎರಡರಲ್ಲಿ ಯಾವ ಷಟ್ಪದಿ ಮೇಲೆಂದು ಕೇಳುವುದು ನಿರರ್ಥಕ. ಆಂಡಯ್ಯನಾದರೋ ಸಂಸ್ಕೃತ ತತ್ಸಮಗಳನ್ನು ಬಿಟ್ಟು, ತನ್ನ ಚೀಲವನ್ನು ತಾನೇ ಹಗುರ ಮಾಡಿಕೊಂಡು ‘ಕಬ್ಬಿಗರ ಕಾವ’ವನ್ನು ಮುಗಿಸಿದನು. ತನ್ನ ಉಸಿರಿನ ಅಳತೆಯನ್ನು ಅರಿಯದೆ ಇನ್ನೊಬ್ಬರ ಛಂದಸ್ಸನ್ನು ಕೈಗೆತ್ತಿಕೊಂಡವರ ಕಾವ್ಯಗಳು ಗುರಿಗೆ ಮೊದಲೇ ಬಿದ್ದಿವೆ.

ಗಾಲ್ಫಿನಲ್ಲಿ ಈ ಅರಿವು ಕೋಲು ಬೀಸುವವನಲ್ಲಿ ಮಾತ್ರ ಇರುವುದಲ್ಲ; ಚೀಲ ಹೊರುವವನಲ್ಲಿಯೂ ಇರುತ್ತದೆ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದುದು 1876ರಲ್ಲಿ, ಬ್ರಿಟಿಷರ ಕಾಲದಲ್ಲಿ. ಇಂಥ ಮೈದಾನಗಳಲ್ಲಿ ಸುತ್ತಲಿನ ಬಡ ಮನೆಗಳ ಹುಡುಗರು ‘ಕ್ಯಾಡಿ’ಗಳಾಗಿ ಚೀಲ ಹೊತ್ತರು. ಯಾವ ಇಳಿಜಾರಿನಲ್ಲಿ ಚೆಂಡು ಎತ್ತ ಜಾರುತ್ತದೆ, ಯಾವ ಹೊತ್ತಿನಲ್ಲಿ ಗಾಳಿ ತಿರುಗುತ್ತದೆ, ಎದುರಿಗಿರುವ ದೊರೆಯ ತೋಳಿನ ನಿಜವಾದ ಅಳತೆಯೆಷ್ಟು ಎಂಬುದೆಲ್ಲ ಅವರಿಗೆ ತಿಳಿದಿತ್ತು. ಸರಿಯಾದ ಕೋಲನ್ನು ತೆಗೆದುಕೊಟ್ಟವನು ಕ್ಯಾಡಿಯಾದರೂ ಹೊಡೆತ ದಾಖಲಾದುದು ಬೀಸಿದವನ ಹೆಸರಿನಲ್ಲಿ. ಬೆಂಗಳೂರಿನಲ್ಲಿ ಹಾಗೆ ಚೀಲ ಹೊತ್ತು ಬೆಳೆದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಪ್ಲೇಆಫ್‌ನಲ್ಲಿ ಗೆದ್ದುದು ಈ ಹಿನ್ನೆಲೆಯಲ್ಲಿ ಬರಿಯ ಕ್ರೀಡಾವಾರ್ತೆಯಲ್ಲ. ಬಹುಕಾಲ ಬೇರೆಯವರ ಕೈಗೆ ಕೋಲು ಆರಿಸಿಕೊಟ್ಟ ಅರಿವು ಅಂದು ತಾನೇ ಕೋಲು ಹಿಡಿದಿತ್ತು.

ಆಯ್ಕೆಯ ಈ ವಿವೇಕ ಅತ್ಯಂತ ಕಠಿಣವಾಗಿ ಪರೀಕ್ಷೆಗೊಳಗಾದುದು 2021ರ ಆಗಸ್ಟ್‌ನಲ್ಲಿ, ಟೋಕಿಯೋ ಒಲಿಂಪಿಕ್ಸ್‌ನ ಕಸುಮಿಗಸೆಕಿ ಮೈದಾನದಲ್ಲಿ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಆಟ ಕಲಿತ ಅದಿತಿ ಅಶೋಕ್ ಅಂದು ವಿಶ್ವ ಶ್ರೇಯಾಂಕದಲ್ಲಿ 200ರ ಸ್ಥಾನದಲ್ಲಿದ್ದರು. ಅದೇ ವರ್ಷ ಕೋವಿಡ್‌ನಿಂದ ಬಳಲಿ ಅವರ ಹೊಡೆತದ ದೂರ ಇನ್ನಷ್ಟು ಕುಗ್ಗಿತ್ತು. ಮೊದಲ ಹೊಡೆತದಲ್ಲಿ ಎದುರಾಳಿಗಳಿಗಿಂತ ಬಹಳ ಹಿಂದುಳಿಯುತ್ತಿದ್ದುದರಿಂದ, ಇತರರು ಗಿಡ್ಡ ಐರನ್ ಹಿಡಿದು ಹಾಸಿನ ಮೇಲೆ ಚೆಂಡಿಳಿಸುವಲ್ಲಿ ಅವರು ಹೈಬ್ರಿಡ್ಡನ್ನೋ ಫೇರ್‌ವೇ ವುಡ್ಡನ್ನೋ ಹಿಡಿಯಬೇಕಾಗುತ್ತಿತ್ತು. ಉದ್ದ ಕೋಲಿನ ಚೆಂಡು ತಗ್ಗಾಗಿ ಬಂದು ದೂರ ಉರುಳುತ್ತದೆ. ಅದನ್ನು ಕುಳಿಯ ಬಳಿ ನಿಲ್ಲಿಸುವುದು ಕಷ್ಟ. ಅವರ ಚೀಲ ಹೊತ್ತು ಜೊತೆಗೆ ನಡೆದವರು ತಾಯಿ ಮಾಹೇಶ್ವರಿ.

ಅದಿತಿ ಎದುರಾಳಿಗಳ ಕೋಲುಗಳನ್ನು ನೋಡಿ ತಮ್ಮದನ್ನು ಬದಲಿಸಲಿಲ್ಲ. ನಾಲ್ಕು ದಿನಗಳ ಅವರ ಅಂಕಗಳು 67, 66, 68, 68, ಒಟ್ಟು 269. ಕಂಚು ಪಡೆದ ಲಿಡಿಯಾ ಕೋ ಅವರದು 268. ಚಿನ್ನ ಗೆದ್ದ, ಅಂದಿನ ವಿಶ್ವದ ಮೊದಲ ಶ್ರೇಯಾಂಕದ ನೆಲ್ಲಿ ಕೊರ್ಡಾ ಅವರದು 267. ಕೊನೆಯ ಕುಳಿಯಲ್ಲಿ ಅದಿತಿ ಉರುಳಿಸಿದ ಚೆಂಡು ಒಳಗೆ ಬಿದ್ದಿದ್ದರೆ ಪದಕಕ್ಕಾಗಿ ಮತ್ತೆ ಆಡುವ ಅವಕಾಶ ದೊರೆಯುತ್ತಿತ್ತು. ಅದು ಕೂದಲೆಳೆಯಲ್ಲಿ ತಪ್ಪಿ, ನಾಲ್ಕನೆಯ ಸ್ಥಾನ ಉಳಿಯಿತು.

ದೂರ ಹೊಡೆಯುವ ಬಲವಿದ್ದಿದ್ದರೆ ಪದಕ ಬರುತ್ತಿತ್ತೆಂಬ ಮಾತು ಸುಲಭವಾಗಿ ಹುಟ್ಟುತ್ತದೆ. ಅದು ಸುಳ್ಳಲ್ಲದಿರಬಹುದು, ಆದರೆ ಅದು ಇನ್ನೊಬ್ಬರ ಕೋಲಿನಿಂದ ಅಳೆದ ಮಾತು. ಇದ್ದ ಬಲದ ನಿಜವಾದ ಅಳತೆಯನ್ನು ಅರಿತು, ಅದಕ್ಕೊಪ್ಪುವ ಕೋಲನ್ನು ಹಿಡಿದುದರಿಂದಲೇ 200ನೆಯ ಸ್ಥಾನದವರೊಬ್ಬರು ಮೊದಲ ಸ್ಥಾನದವರ ಹಿಂದೆ ಎರಡೇ ಹೊಡೆತಗಳ ಅಂತರದಲ್ಲಿ ನಿಲ್ಲಲು ಸಾಧ್ಯವಾಯಿತು. ಗಾಲ್ಫಿನ ಅಂಕಪಟ್ಟಿಯಲ್ಲಿ ಹೊಡೆತಗಳ ಸಂಖ್ಯೆಯಷ್ಟೇ ಇರುತ್ತದೆ. ಯಾವ ಹೊಡೆತವನ್ನು ಯಾವ ಕೋಲಿನಿಂದ ಹೊಡೆದುದೆಂಬುದಕ್ಕೆ ಅಲ್ಲಿ ಜಾಗವಿಲ್ಲ. ಹಳೆಯ ಶಾಸನಗಳನ್ನು ಬರೆಸಿದವರಾಗಿದ್ದರೆ 269 ಎಂಬುದರ ಪಕ್ಕದಲ್ಲಿ ಕೋಲಿನ ಹೆಸರನ್ನೂ ಕೆತ್ತಿಸುತ್ತಿದ್ದರು.